ಪರಂಪರೆಯ ಕೆಲಸಕ್ಕೆ ಆರು ವಾರದ ಆಳು

ಏಪ್ರಿಲ್ ಹತ್ತಿರವಾದಂತೆ ಹಸ್ತಪ್ರತಿ ಭಂಡಾರಗಳಿಗೆ, ವಸ್ತುಸಂಗ್ರಹಾಲಯಗಳಿಗೆ, ಪುರಾತತ್ತ್ವದ ಕಚೇರಿಗಳಿಗೆ ಒಂದೇ ಧಾಟಿಯ ಪತ್ರಗಳು ಬರತೊಡಗುತ್ತವೆ. ನಮ್ಮ ವಿಭಾಗದ ಕೆಳಕಂಡ ವಿದ್ಯಾರ್ಥಿಗಳಿಗೆ ತಮ್ಮ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಮಾಡಲು ಅನುವು ಮಾಡಿಕೊಡಬೇಕಾಗಿ ಕೋರಿಕೆ. ಕೆಳಗೆ ವಿಭಾಗದ ಮುಖ್ಯಸ್ಥರ ಸಹಿ, ಮೊಹರು, ಎಂಟೋ ಹತ್ತೋ ಹೆಸರು. ಪತ್ರ ಓದಿದ ಕ್ಯುರೇಟರ್ ತಲೆಯಲ್ಲಿ ಎರಡು ಯೋಚನೆ ಒಟ್ಟಿಗೇ ಏಳುತ್ತವೆ. ಹಿಂದಿನ ಕೋಣೆಯ ಬೀರುಗಳನ್ನು ಈ ಸಲವಾದರೂ ತೆಗೆಸಬಹುದಲ್ಲ ಎಂಬುದು ಒಂದು. ಇವರ ಬೆನ್ನ ಹಿಂದೆ ನಿಂತು ನೋಡಿಕೊಳ್ಳುವವರು ಯಾರು ಎಂಬುದು ಇನ್ನೊಂದು.

ಎರಡೂ ನ್ಯಾಯವಾದ ಯೋಚನೆಗಳೇ. ಇತಿಹಾಸ, ಕನ್ನಡ, ಪುರಾತತ್ತ್ವ, ಜಾನಪದ, ಮ್ಯೂಸಿಯಾಲಜಿ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಪರಂಪರೆ ಉಳಿಸುವ ಕೆಲಸಕ್ಕೆ ಕೆಲವು ವಾರಗಳ ಮಟ್ಟಿಗೆ ಹಚ್ಚುವುದು ಒಳ್ಳೆಯದೇ ಎಂದು ಕೇಳಿದರೆ ಬಹಳ ಜನ ಹಿಂದೆಮುಂದೆ ನೋಡದೆ ಹೌದೆನ್ನುತ್ತಾರೆ. ಭಂಡಾರದೊಳಗೆ ಇಪ್ಪತ್ತು ವರ್ಷ ಕಳೆದವರು ಮಾತ್ರ ಸ್ವಲ್ಪ ತಡೆದು ಮಾತಾಡುತ್ತಾರೆ. ಆ ತಡವರಿಕೆಯಲ್ಲಿ ಏನಿದೆ ಎಂದು ನೋಡಬೇಕಾದರೆ ಕೆಲಸವನ್ನೇ ಹತ್ತಿರದಿಂದ ನೋಡಬೇಕು.

ಓಲೆಗರಿಯ ಒಂದು ಕಟ್ಟನ್ನು ತೆಗೆದುಕೊಳ್ಳಿ. ಮೇಲಿನ ಕೆಂಪು ಬಟ್ಟೆ ಬಿಚ್ಚಿ, ಎರಡು ಮರದ ಹಲಗೆಗಳ ನಡುವೆ ಬಿಗಿದ ದಾರವನ್ನು ಸಡಿಲಿಸಿದರೆ ಮೊದಲು ಮೇಜಿನ ಮೇಲೆ ಉದುರುವುದು ಹುಳು ಕೊರೆದ ಪುಡಿ. ಮೆತ್ತನೆಯ ಬ್ರಶ್ಶಿನಿಂದ ಒಂದೊಂದೇ ಗರಿಯ ಧೂಳು ತೆಗೆಯಬೇಕು. ಅಂಟಿಕೊಂಡ ಗರಿಗಳನ್ನು ಎಳೆಯುವಂತಿಲ್ಲ; ತಾಳ್ಮೆಯಿಂದ ಬಿಡಿಸಬೇಕು, ಬಿಡದಿದ್ದರೆ ಹಾಗೇ ಇಡಬೇಕು. ಒಣಗಿ ಸೆಟೆದ ಗರಿಗೆ ಸಿಟ್ರೊನೆಲ್ಲಾ ಎಣ್ಣೆ ಸವರಿದರೆ ತುಸು ಬಾಗುವಷ್ಟು ಮೆತ್ತಗಾಗುತ್ತದೆ, ಹುಳವೂ ದೂರವಿರುತ್ತದೆ. ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರಗಳು ಮಾಸಿದ್ದರೆ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಗರಿಯ ಮೇಲೆಲ್ಲ ಹಚ್ಚಿ, ಬಳಿಕ ಹತ್ತಿಯಿಂದ ಒರೆಸುತ್ತಾರೆ. ಮೇಲಿನ ಕಪ್ಪು ಹೋಗಿ, ಕೊರೆದ ಗೆರೆಯೊಳಗಿನ ಕಪ್ಪು ಮಾತ್ರ ಉಳಿಯುತ್ತದೆ. ಖಾಲಿ ಎಂದುಕೊಂಡಿದ್ದ ಗರಿಯ ಮೇಲೆ ಸಾಲು ಸಾಲು ಅಕ್ಷರ ಏಳುತ್ತದೆ. ಅದನ್ನು ಮೊದಲ ಸಲ ಕಂಡ ಎಂ.ಎ. ವಿದ್ಯಾರ್ಥಿ ಕೆಲಹೊತ್ತು ಮಾತಾಡುವುದಿಲ್ಲ. ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಕೇಳಿ ನೋಟ್ಸ್ ಬರೆದುಕೊಂಡದ್ದಕ್ಕೂ ಇದಕ್ಕೂ ಎಷ್ಟು ದೂರ ಎಂಬುದು ಆಗ ತಿಳಿಯುತ್ತದೆ.

ಇಷ್ಟಾದ ಮೇಲೆ ಲೆಕ್ಕದ ಕೆಲಸ. ಗರಿ ಎಷ್ಟು, ಉದ್ದ ಅಗಲ ಎಷ್ಟು, ಪುಟಕ್ಕೆ ಎಷ್ಟು ಸಾಲು, ಲಿಪಿ ಯಾವುದು, ಆದಿ ಅಂತ್ಯ ಏನು, ನಡುವೆ ಯಾವ ಗರಿ ಇಲ್ಲ. ಎಲ್ಲವೂ ರಿಜಿಸ್ಟರ್‌ಗೆ ಹೋಗಬೇಕು, ಆಮೇಲೆ ಸ್ಕ್ಯಾನ್ ಆಗಬೇಕು. ಒಂದು ದೊಡ್ಡ ಕಟ್ಟಿಗೇ ದಿನಗಳು ಹಿಡಿಯುತ್ತವೆ. ಹಸ್ತಪ್ರತಿಗಳ ರಾಷ್ಟ್ರೀಯ ಮಿಷನ್ ಶುರುವಾದದ್ದು 2003ರಲ್ಲಿ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ ‘ಜ್ಞಾನ ಭಾರತಂ’ ಎಂಬ ಹೊಸ ರೂಪ ಕೊಟ್ಟು, ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೆ, ಸಂರಕ್ಷಣೆಯ ಗುರಿ ಇಟ್ಟು, 60 ಕೋಟಿ ರೂಪಾಯಿ ತೆಗೆದಿರಿಸಿದರು. ಒಂದು ಕೋಟಿ ಹಸ್ತಪ್ರತಿಯನ್ನು ಇರುವ ಕಾಯಂ ಸಿಬ್ಬಂದಿಯಿಂದಲೇ ಬಿಚ್ಚಿಸಿ ಕಟ್ಟಿಸುತ್ತೇವೆಂದರೆ ನಂಬುವವರಿಲ್ಲ. ಎಲ್ಲಿಂದಲೋ ಕೈಗಳು ಬರಲೇಬೇಕು.

ಕೈಗಿಂತ ಹೆಚ್ಚು ಬೇಕಾದದ್ದು ಕಣ್ಣು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಓರಿಯಂಟಲ್ ಲೈಬ್ರರಿಯಾಗಿ ಹುಟ್ಟಿತು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದೆ ಎಂದು ಅಲ್ಲಿ 1905ರಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಆ ಲಿಪಿ ಬಾರದವರ ಕೈಗೆ ಸಿಕ್ಕಿದ್ದರೆ ಅದು ಬೀರುವಿನ ಇನ್ನೊಂದು ಕಟ್ಟಾಗಿ ಉಳಿಯುತ್ತಿತ್ತು. ಇವತ್ತು ಗ್ರಂಥ, ನಂದಿನಾಗರಿ, ತಿಗಳಾರಿ ಲಿಪಿಗಳನ್ನು ತಡವರಿಸದೆ ಓದುವವರನ್ನು, ದಫ್ತರಗಳ ಮೋಡಿ ಲಿಪಿಯ ಬರಹವನ್ನು ಬಿಡಿಸುವವರನ್ನು ಹುಡುಕಿಕೊಂಡು ಹೋಗಬೇಕು. ಅವರಲ್ಲಿ ಹೆಚ್ಚಿನವರು ನಿವೃತ್ತರು. ಈ ವಿದ್ಯೆ ಯೂಟ್ಯೂಬ್ ನೋಡಿ ಅರ್ಧ ಬರುತ್ತದೆ, ಇನ್ನರ್ಧ ಓದುವವರ ಪಕ್ಕದಲ್ಲಿ ಕೂತು, ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಅನುಮಾನ ಪಡುತ್ತಾರೆ ಎಂದು ನೋಡಿಯೇ ಬರಬೇಕು. ಇಂಟರ್ನ್‌ಶಿಪ್ಪಿನ ಪರವಾದ ವಾದಗಳಲ್ಲಿ ನನಗೆ ಅತಿ ಗಟ್ಟಿಯೆನಿಸುವುದು ಇದು. ಸಂಸ್ಥೆಗೆ ಅಗ್ಗದ ಕೈ ಸಿಗುತ್ತದೆ ಎನ್ನುವುದು ಅದರ ಮುಂದೆ ಸಣ್ಣ ಮಾತು.

ಇನ್ನು ತಡವರಿಸುವವರ ಮಾತು ಕೇಳೋಣ. ಮೇಲೆ ಹೇಳಿದ ಕಾಡಿಗೆ ಹಚ್ಚಿ ಒರೆಸುವ ಉಪಾಯ ಕೊರೆದ ಗರಿಗೆ ಮಾತ್ರ. ನಮ್ಮಲ್ಲಿ ಮಸಿಯಿಂದ ಬರೆದ ಓಲೆಗಳೂ ಇವೆ. ಮೂಡುಬಿದಿರೆಯಲ್ಲಿರುವ, ಧವಲಾ ಎಂಬ ಜೈನ ಗ್ರಂಥದ ಪ್ರಸಿದ್ಧ ಪ್ರತಿಗಳು ಅಂಥವು; ಜೊತೆಗೆ ಬಣ್ಣದ ಚಿತ್ರಗಳೂ ಇವೆ. ಅಂಥ ಗರಿಯನ್ನು ಒರೆಸಿದರೆ ಅಕ್ಷರವೇ ಹತ್ತಿಗೆ ಬರುತ್ತದೆ. ಅಷ್ಟು ಹೆಸರಾದ ಪ್ರತಿಯ ಬಳಿಗೆ ಇಂಟರ್ನ್‌ಗಳನ್ನು ಯಾರೂ ಬಿಡಲಿಕ್ಕಿಲ್ಲ, ನಿಜ. ಆದರೆ ಹೆಸರಿಲ್ಲದ ಒಂದು ಕಟ್ಟಿನ ನಡುವೆ ಮಸಿಯ ಗರಿಯೊಂದು ಸೇರಿಕೊಂಡಿದ್ದರೆ? ಬೆಳಗಿನಿಂದ ನಲವತ್ತು ಗರಿ ಒರೆಸಿ ಕೈ ಪಳಗಿದವನು ನಲವತ್ತೊಂದನೆಯದನ್ನೂ ಅದೇ ವೇಗದಲ್ಲಿ ಒರೆಸುತ್ತಾನೆ. ದಾರ ಕಳಚಿದ ಕಟ್ಟು ಕೈಜಾರಿ ಕೆಳಗೆ ಬಿದ್ದು, ಅಂಚು ಮುರಿದು ಅಂಕಿ ಹೋದ ಗರಿಗಳು ಕಲೆಸಿಹೋದರೆ, ಅವನ್ನು ಮತ್ತೆ ಜೋಡಿಸಲು ಆ ಕಾವ್ಯವನ್ನೋ ಶಾಸ್ತ್ರವನ್ನೋ ಬಲ್ಲವರೇ ಬರಬೇಕು. ಹಳೆಯ ಲಿಪಿಕಾರರಿಗೆ ಈ ಭಯ ಚೆನ್ನಾಗಿ ಗೊತ್ತಿತ್ತು. ಎಣ್ಣೆ, ನೀರು, ಸಡಿಲವಾದ ಕಟ್ಟು ಇವುಗಳ ಜೊತೆಗೇ ಅರಿಯದವರ ಕೈಯಿಂದಲೂ ತನ್ನನ್ನು ಕಾಪಾಡಿ ಎಂದು ಪುಸ್ತಕವೇ ಬೇಡಿಕೊಳ್ಳುವಂತೆ ಗ್ರಂಥದ ಕೊನೆಗೆ ಬರೆಯುವ ರೂಢಿ ಇಟ್ಟುಕೊಂಡಿದ್ದರು. (ಎಣ್ಣೆಯ ವಿಷಯದಲ್ಲಿ ಈಗಿನ ಸಂರಕ್ಷಕರು ಅವರ ಮಾತು ಪೂರ್ತಿ ಕೇಳಿಲ್ಲ.)

ಕಲ್ಲಿನ ಕೆಲಸದಲ್ಲಿ ಅಪಾಯ ಬೇರೆ ಬಗೆಯದು. ಶಾಸನದ ಪಡಿಯಚ್ಚು ತೆಗೆಯುವುದನ್ನು ಕಲಿಸುವುದು ಕಷ್ಟವಲ್ಲ. ಕಲ್ಲನ್ನು ನೀರಲ್ಲಿ ತೊಳೆದು, ಒದ್ದೆ ಕಾಗದ ಹಾಸಿ, ಕಾಗದ ಅಕ್ಷರದ ಗುಳಿಯೊಳಗೆ ಕೂರುವಂತೆ ಬ್ರಶ್ಶಿನಿಂದ ಬಡಿದು, ಅರೆ ಒಣಗಿದಾಗ ಮಸಿಯ ಉಂಡೆಯನ್ನು ತಟ್ಟುತ್ತ ಹೋದರೆ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಮೂಡುತ್ತದೆ. ಸರಿಯಾಗಿ ಮಾಡಿದರೆ ಕಲ್ಲಿಗೆ ಏನೂ ಆಗುವುದಿಲ್ಲ. ತೊಂದರೆ ಬರುವುದು ಉತ್ಸಾಹದಿಂದ. ಪಾಚಿ ಹೋಗಲೆಂದು ತಂತಿ ಬ್ರಶ್ಶಿನಿಂದ ಉಜ್ಜುವವರಿದ್ದಾರೆ. ಫೋಟೊದಲ್ಲಿ ಚೆನ್ನಾಗಿ ಕಾಣಲೆಂದು ಅಕ್ಷರಗಳಿಗೆ ಬಿಳಿ ಪೇಂಟ್ ತುಂಬುವವರಿದ್ದಾರೆ. ಪೇಂಟ್ ತುಂಬಿದವನು ಒಂದು ಅಕ್ಷರವನ್ನು ತಪ್ಪಾಗಿ ಓದಿದ್ದರೆ ಮುಂದೆ ಬಂದವರೆಲ್ಲ ಕಲ್ಲನ್ನು ಓದುವುದಿಲ್ಲ, ಅವನ ತಪ್ಪನ್ನು ಓದುತ್ತಾರೆ. ಶಾಸನದ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಒಂದು ಹೆಸರು, ಒಂದು ಸಂವತ್ಸರ ಬದಲಾದರೆ ಆಳಿದ ದೊರೆಯೇ ಬದಲಾಗಿಬಿಡಬಹುದು.

ಇದಕ್ಕೆ ಉತ್ತರವೂ ಇದೆ, ಅದನ್ನು ಮುಚ್ಚಿಡಬಾರದು. ನಾಡಿನ ಹಳೆಯ ಕಲ್ಲುಗಳಿಗೆ ಆದ ಹಾನಿಯಲ್ಲಿ ವಿದ್ಯಾರ್ಥಿಗಳ ಪಾಲು ಅತ್ಯಲ್ಪ. ಕಂಬಗಳಿಗೆ ಆಯಿಲ್ ಪೇಂಟ್ ಬಳಿಸಿದ್ದು ದೇವಸ್ಥಾನದ ಸಮಿತಿಗಳು. ಮರಳು ಚಿಮ್ಮಿಸಿ ಕೆತ್ತನೆಯ ನಯವನ್ನೇ ತೆಗೆದದ್ದು ಟೆಂಡರ್ ಹಿಡಿದ ಗುತ್ತಿಗೆದಾರರು. ವೀರಗಲ್ಲುಗಳನ್ನು ಮೋರಿಗೆ ಚಪ್ಪಡಿ ಮಾಡಿದ್ದು ರಸ್ತೆಯ ಕಾಮಗಾರಿ. ಇವರೆಲ್ಲ ಸಂಬಳ, ಬಿಲ್ಲು, ಅಧಿಕಾರ ಇದ್ದವರೇ. ಒಮ್ಮೆ ಕೂತು ಪಡಿಯಚ್ಚು ತೆಗೆದ ಹುಡುಗಿ ಹತ್ತು ವರ್ಷದ ನಂತರ ಕೆಎಎಸ್ ಪಾಸಾಗಿ ತಹಶೀಲ್ದಾರಳಾಗಿ ಕೂತರೆ, ರಸ್ತೆ ಅಗಲ ಮಾಡುವ ಕಡತಕ್ಕೆ ಸಹಿ ಹಾಕುವ ಮುನ್ನ ‘ಅಲ್ಲಿ ಒಂದು ಕಲ್ಲಿತ್ತಲ್ಲ?’ ಎಂದು ಕೇಳಿಯಾಳು. ಇಂಟರ್ನ್‌ಶಿಪ್ ಮಾಡಿದವರೆಲ್ಲ ಸಂರಕ್ಷಕರಾಗುವುದಿಲ್ಲ, ಹಾಗಾಗಿ ಅದು ದಂಡ ಎನ್ನುವವರು ಈ ಲಾಭವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಳ್ಳಿಗೆ ಹೋದ ವಿದ್ಯಾರ್ಥಿಗಳಿಗೆ ಮೊದಲು ಎದುರಾಗುವುದು ಕಲ್ಲಲ್ಲ, ಕಟ್ಟೆಯ ಮೇಲೆ ಕೂತ ಹಿರಿಯರು. ‘ಯಾಕ್ರಪ್ಪಾ, ನಿಧಿ ಹುಡುಕಾಕ ಬಂದೀರೇನು?’ ಶಾಸನದ ಕಲ್ಲಿನ ಕೆಳಗೆ ಹೊನ್ನಿದೆ ಎಂಬ ನಂಬಿಕೆ ಇರದ ಊರಿಲ್ಲ. ಆ ನಂಬಿಕೆಯಿಂದ ಅಗೆಸಿಕೊಂಡು ಮುರಿದ ಕಲ್ಲುಗಳಿಗೂ ಲೆಕ್ಕವಿಲ್ಲ. ‘ಇಲ್ಲ ಅಜ್ಜಾ, ಇದರಾಗ ಏನ್ ಬರದಾರ ಅಂತ ಓದಾಕ ಬಂದೀವಿ’ ಎಂದು ಆ ಸೀಮೆಯ ಮಾತಿನಲ್ಲೇ ಹೇಳಿ, ಅಕ್ಷರದ ಮೇಲೆ ಬೆರಳಿಟ್ಟು ಅವರ ಊರಿನ ಹೆಸರನ್ನೇ ಓದಿ ತೋರಿಸುವ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಮಾಡುವ ರಕ್ಷಣೆಯನ್ನು ಇಲಾಖೆಯ ನೀಲಿ ಬೋರ್ಡು ವರ್ಷಗಟ್ಟಲೆ ನಿಂತು ಮಾಡಲಾರದು. ಅದೇ ವಿದ್ಯಾರ್ಥಿ ಫೋಟೊ ತೆಗೆದು, ಜಾಗದ ಲೊಕೇಶನ್ ಸಮೇತ ಸ್ಟೇಟಸ್ ಹಾಕಿದನೆಂದರೆ ಆ ಮಧ್ಯಾಹ್ನದ ಪುಣ್ಯ ಸಂಜೆಗೆ ಖರ್ಚಾಯಿತು. ಏನನ್ನು ಹೇಳಬಾರದು ಎಂಬುದನ್ನು ಎಷ್ಟು ಕಡೆ ಕಲಿಸುತ್ತಾರೆ ಎಂಬ ಬಗ್ಗೆ ನನಗೆ ಅನುಮಾನವಿದೆ.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಮಾಡುತ್ತ ಬಂದಿರುವ ಶಾಸನಗಳ ತ್ರೀಡಿ ಸ್ಕ್ಯಾನಿಂಗ್ ಹಾನಿಯ ಕುರಿತ ಈ ವಾದಕ್ಕೆ ಒಂದು ಹೊಸ ತಿರುವು ಕೊಟ್ಟಿದೆ. ಸ್ಕ್ಯಾನರ್ ಕಲ್ಲನ್ನು ಮುಟ್ಟುವುದೇ ಇಲ್ಲ. ಸವೆದು ಕಣ್ಣಿಗೆ ಕಾಣದ ಅಕ್ಷರಗಳು ಪರದೆಯ ಮೇಲೆ ಬೆಳಕಿನ ಕೋನ ಬದಲಿಸಿದರೆ ಕಾಣುತ್ತವೆ, ತಪ್ಪು ಓದಿದರೆ ನಾಳೆ ಇನ್ನೊಬ್ಬರು ತಿದ್ದಬಹುದು. ಹೊಸಬರಿಗೆ ಕೊಡಬೇಕಾದದ್ದು ಇಂಥ ಕೆಲಸ ಎಂದು ನನಗನ್ನಿಸುತ್ತದೆ. ಅಳೆಯುವುದು, ಎಣಿಸುವುದು, ಬರೆದಿಡುವುದು, ಚಿತ್ರ ತೆಗೆಯುವುದು, ಪಟ್ಟಿ ಮಾಡುವುದು, ಇವುಗಳಲ್ಲಿ ತಪ್ಪಾದರೆ ತಿದ್ದಿಕೊಳ್ಳಲು ದಾರಿಯಿದೆ. ಒರೆಸುವುದು, ಅಂಟಿಸುವುದು, ಉಜ್ಜುವುದು, ತುಂಬುವುದು, ಇವುಗಳಲ್ಲಿ ಆದ ತಪ್ಪು ಆದಂತೆಯೇ.

ಈ ಮಾತಿಗೆ ಹಂಪಿಯೇ ಸಾಕ್ಷಿ. 1980ರಿಂದ ಸುಮಾರು ಎರಡು ದಶಕ ಪುರಾತತ್ತ್ವಜ್ಞ ಜಾನ್ ಫ್ರಿಟ್ಜ್ ಮತ್ತು ವಾಸ್ತುಶಿಲ್ಪದ ಇತಿಹಾಸಕಾರ ಜಾರ್ಜ್ ಮಿಶೆಲ್ ಅವರು ಚಳಿಗಾಲದಲ್ಲಿ ಹಂಪಿಗೆ ಬಂದು ವಿಜಯನಗರದ ಅವಶೇಷಗಳ ಸರ್ವೆ ನಡೆಸಿದರು. ರಾಜ್ಯದ ಪುರಾತತ್ತ್ವ ಇಲಾಖೆಯ ಎಂ.ಎಸ್. ನಾಗರಾಜರಾವ್ ಅವರ ಬೆಂಬಲ ಆ ಕೆಲಸಕ್ಕಿತ್ತು. ಟೇಪು ಹಿಡಿದು ಗೋಡೆ, ಕಟ್ಟೆ, ಕಂಬಗಳನ್ನು ಅಳೆದು ನಕ್ಷೆ ಬರೆದವರಲ್ಲಿ ಭಾರತದ, ಹೊರದೇಶಗಳ ವಾಸ್ತುಶಿಲ್ಪ ಮತ್ತು ಪುರಾತತ್ತ್ವ ವಿದ್ಯಾರ್ಥಿಗಳು ಅನೇಕರಿದ್ದರು. ಹಂಪಿ 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಕ್ಕದಲ್ಲೇ ಕಟ್ಟತೊಡಗಿದ ಆನೆಗೊಂದಿ ಸೇತುವೆಯ ಗಲಾಟೆಯಲ್ಲಿ 1999ರಲ್ಲಿ ಅಪಾಯದ ಪಟ್ಟಿಗೂ ಹೋಗಿ 2006ರಲ್ಲಿ ಹೊರಬಂತು. ಇಷ್ಟೆಲ್ಲದರ ನಡುವೆ ಯಾವ ಕಟ್ಟಡ ಎಲ್ಲಿ, ಹೇಗಿತ್ತು ಎಂದು ಹೇಳಲು ಕಾಗದದ ಮೇಲೆ ಅಳತೆ ಇದೆಯೆಂದರೆ ಅದರಲ್ಲಿ ಆ ಹುಡುಗರ ಬೆವರಿನ ಪಾಲಿದೆ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬೀದಿಯ ಸಾಲುಮಂಟಪದ ಒಂದು ಭಾಗ ಕುಸಿಯಿತು. ಬಿದ್ದ ಕಂಬವನ್ನು ಮತ್ತೆ ಇದ್ದಲ್ಲಿಗೇ ನಿಲ್ಲಿಸಬೇಕಾದರೆ ಯಾರೋ ಹಿಂದೆ ಅಳೆದಿಟ್ಟಿರಬೇಕು.

ಆದರೆ ಹಂಪಿಯ ಉದಾಹರಣೆಯನ್ನು ಎತ್ತಿಕೊಂಡು ನಮ್ಮ ಆರು ವಾರದ ಇಂಟರ್ನ್‌ಶಿಪ್ಪನ್ನು ಸಮರ್ಥಿಸುವವರು ಒಂದನ್ನು ಬಿಡುತ್ತಾರೆ. ಅಲ್ಲಿ ವಿದ್ಯಾರ್ಥಿಗಳು ಬದಲಾಗುತ್ತಿದ್ದರು, ಕಲಿಸುವವರು ಬದಲಾಗಲಿಲ್ಲ. ಇಪ್ಪತ್ತು ವರ್ಷ ಅದೇ ಇಬ್ಬರು, ಅದೇ ಅಳತೆಯ ಪದ್ಧತಿ, ಅದೇ ಸಂಖ್ಯಾಕ್ರಮ. ಮೊದಲ ಚಳಿಗಾಲದ ನಕ್ಷೆ ಹತ್ತನೆಯ ಚಳಿಗಾಲದ ನಕ್ಷೆಗೆ ಕೂಡಿಕೊಳ್ಳುತ್ತಿತ್ತು. ನಮ್ಮಲ್ಲಿ ಆಗುವುದೇನು? ಹೋದ ವರ್ಷದ ತಂಡ ಒಂದು ಎಕ್ಸೆಲ್ ಶೀಟ್ ಮಾಡಿ ಹೋಗಿರುತ್ತದೆ. ಅದರ ಕಾಲಂಗಳು ಈ ವರ್ಷದವರಿಗೆ ಅರ್ಥವಾಗದೆ ಇವರು ಹೊಸದೊಂದು ಮಾಡುತ್ತಾರೆ. ಪೆನ್‌ಡ್ರೈವ್ ಯಾರ ಬಳಿ ಉಳಿಯಿತೆಂದು ಮೂರನೆಯ ವರ್ಷ ಹುಡುಕುತ್ತಾರೆ. ಆರು ವಾರದಲ್ಲಿ ಎರಡು ವಾರ ಕಲಿಸುವುದಕ್ಕೆ, ಒಂದು ವಾರ ವರದಿ ಬರೆದು ಸಹಿ ಹಾಕಿಸುವುದಕ್ಕೆ, ನಡುವೆ ರಜೆ, ಮದುವೆ, ಪರೀಕ್ಷೆಯ ಫಲಿತಾಂಶ. ಉಳಿದ ಎರಡು ವಾರಕ್ಕಾಗಿ ಅನುಭವಿ ಕೆಲಸಗಾರರೊಬ್ಬರ ಆರು ವಾರವನ್ನು ಕೊಡಬೇಕೇ ಎಂದು ಭಂಡಾರದವರು ಕೇಳಿದರೆ ಅದನ್ನು ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ.

ದುಡ್ಡಿನ ಮಾತಿಗೆ ಬರೋಣ. ಹೆಚ್ಚು ಜಗಳ ಇರುವುದು ಅಲ್ಲೇ. ಸಂಸ್ಥೆಗಳಲ್ಲಿ ಬಹಳಷ್ಟು ಕೊಡುವುದು ಒಂದು ಸರ್ಟಿಫಿಕೇಟ್, ಮಧ್ಯಾಹ್ನದ ಚಹ. ಇದನ್ನು ಪ್ರಶ್ನಿಸಿದರೆ ಹಿರಿಯರು ಫ.ಗು. ಹಳಕಟ್ಟಿಯವರ ಹೆಸರು ಎತ್ತುತ್ತಾರೆ. ಊರೂರು ತಿರುಗಿ ವಚನಗಳ ಓಲೆಗರಿ ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ತಂದು, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಕಟ್ಟಿ, ಅದಕ್ಕಾಗಿ ಮನೆಯನ್ನೂ ಮಾರಿದ ಮಹನೀಯರಿಗೆ ಯಾರು ಸ್ಟೈಪೆಂಡ್ ಕೊಟ್ಟಿದ್ದರು? ಮಾತು ಮನಸ್ಸಿಗೆ ತಟ್ಟುತ್ತದೆ. ಆದರೆ ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದರು, ಕಳೆದುಕೊಳ್ಳಲು ಅವರ ಬಳಿ ಒಂದು ಮನೆ ಇತ್ತು. ಹಾಸ್ಟೆಲ್ ಮೆಸ್ ಬಿಲ್ಲು ಕಟ್ಟಲು ರಜೆಯಲ್ಲಿ ಕೆಲಸ ಹುಡುಕುವ ಹುಡುಗಿಗೆ ಅವರ ತ್ಯಾಗವನ್ನು ಮಾದರಿಯಾಗಿ ತೋರಿಸುವುದು ಹಳಕಟ್ಟಿಯವರಿಗೂ ಒಪ್ಪಿಗೆಯಾಗುತ್ತಿರಲಿಲ್ಲ ಎಂದುಕೊಳ್ಳುತ್ತೇನೆ.

ಬೇರೆ ಓದುಗಳ ಕಡೆ ನೋಡಿ. ಎಂಬಿಬಿಎಸ್ ಮುಗಿಸಿದವರ ಒಂದು ವರ್ಷದ ಇಂಟರ್ನ್‌ಶಿಪ್ಪಿಗೆ ಸ್ಟೈಪೆಂಡ್ ಇದೆ. ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರ ಅಪ್ರೆಂಟಿಸರಿಗೆ 2019ರ ತಿದ್ದುಪಡಿಯಲ್ಲಿ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಗೊತ್ತುಮಾಡಿದರು. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರಲ್ಲಿ ಶುರುವಾದಾಗ ತಿಂಗಳಿಗೆ 5,000 ಗೊತ್ತುಮಾಡಿತು, ಆದರೆ ಅದು ದೊಡ್ಡ ಕಂಪನಿಗಳಲ್ಲಿ ಇಂಟರ್ನ್ ಆಗುವವರಿಗೆ. ಪೂರ್ಣಾವಧಿ ಓದುತ್ತಿರುವವರಿಗೂ ಸ್ನಾತಕೋತ್ತರ ಪದವಿ ಪಡೆದವರಿಗೂ ಆಗ ಅಲ್ಲಿ ಜಾಗವಿರಲಿಲ್ಲ. ನಮ್ಮ ರಾಜ್ಯದ ಯುವನಿಧಿ ಓದು ಮುಗಿಸಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ಕೊಡುತ್ತದೆ. ಹಾಗಾದರೆ ಓದು ಮುಗಿಸಿ ಮನೆಯಲ್ಲಿ ಕೂತವರಿಗೆ ಸರ್ಕಾರದಿಂದ ಏನೋ ಒಂದಿಷ್ಟು ಇದೆ, ಓದುತ್ತಲೇ ಸರ್ಕಾರದ ಭಂಡಾರದಲ್ಲಿ ಕೂತು ಸರ್ಕಾರದ ಓಲೆಗರಿ ಎಣಿಸುವವರಿಗೆ ಏನೂ ಇಲ್ಲ. ಅಮೆರಿಕದ ಕಲಾ ಮ್ಯೂಸಿಯಂಗಳ ನಿರ್ದೇಶಕರ ಸಂಘ 2019ರಲ್ಲೇ ಇಂಟರ್ನ್‌ಗಳಿಗೆ ಹಣ ಕೊಡಬೇಕೆಂದು ತನ್ನ ಸದಸ್ಯರಿಗೆ ಹೇಳಿತು. ಅಲ್ಲಿ ಮುಖ್ಯವಾಗಿ ಬಂದ ವಾದವೇ ನಮಗೂ ಅನ್ವಯಿಸುತ್ತದೆ. ಬಿಟ್ಟಿ ದುಡಿಯಲು ಯಾರಿಗೆ ಸಾಧ್ಯ? ಆ ಊರಿನಲ್ಲೇ ಅಪ್ಪನ ಮನೆ ಇದ್ದವರಿಗೆ.

ನಮ್ಮಲ್ಲಿ ಅದರ ನಷ್ಟ ಇನ್ನೂ ಹೆಚ್ಚು. ಅಜ್ಜನ ಪೆಟ್ಟಿಗೆಯಲ್ಲಿ ಮೋಡಿ ಕಾಗದ ನೋಡಿ ಬೆಳೆದವರು, ಮನೆಮಾತಿನಲ್ಲೇ ಹಳೆಯ ಲೆಕ್ಕದ ಮಾತು, ಅಳತೆಯ ಮಾತು ಕೇಳಿದವರು, ಕಟ್ಟೆಯ ಮೇಲಿನ ಹಿರಿಯರ ಜೊತೆ ಸಲೀಸಾಗಿ ಕೂರಬಲ್ಲವರು ರಾಯಚೂರು, ಕಲಬುರಗಿ, ಚಾಮರಾಜನಗರದ ಹಳ್ಳಿಗಳಿಂದ ಬರುತ್ತಾರೆ. ಈ ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ಬೇಕಾದವರು ಅವರು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಆರು ವಾರ ಪಿ.ಜಿ. ಬಾಡಿಗೆ ಕೊಟ್ಟು ಬಿಟ್ಟಿ ದುಡಿಯಲು ಆಗದವರೂ ಅವರೇ.

ಇನ್ನೊಂದು ಕಡೆಯ ಮಾತಿನಲ್ಲೂ ಹುರುಳಿದೆ. ಹಸ್ತಪ್ರತಿಗಳೆಲ್ಲ ಸರ್ಕಾರದ ಬಳಿ ಇಲ್ಲ. ಮಠಗಳಲ್ಲಿವೆ, ಬಸದಿಗಳಲ್ಲಿವೆ, ನಾಲ್ಕಾರು ಜನ ಸೇರಿ ನಡೆಸುವ ಟ್ರಸ್ಟುಗಳಲ್ಲಿವೆ, ವೈದ್ಯರ ಮನೆಯ ಅಟ್ಟದಲ್ಲಿವೆ. ಅವರ ಬಳಿ ಕರೆಂಟು ಬಿಲ್ಲಿಗೇ ಪರದಾಟ. ಸ್ಟೈಪೆಂಡ್ ಕಡ್ಡಾಯ ಮಾಡಿದರೆ ಅವರು ದುಡ್ಡು ಕೊಡುವುದಿಲ್ಲ, ಬಾಗಿಲು ಹಾಕುತ್ತಾರೆ. ಒಂದು ಸಣ್ಣ ಸಂಗ್ರಹಾಲಯ ನಡೆಸುವವರೊಬ್ಬರು ಹೇಳಿದ್ದು: ‘ನಾನೇ ಸಂಬಳ ತಗೊಳ್ದೆ ನಡೆಸ್ತಿದೀನಿ ಸ್ವಾಮಿ, ಮಕ್ಕಳಿಗೆ ಎಲ್ಲಿಂದ ಕೊಡ್ಲಿ? ಊಟ ಹಾಕ್ತೀನಿ, ಗೊತ್ತಿರೋದು ಹೇಳಿಕೊಡ್ತೀನಿ.’ ಇಂಥವರಲ್ಲಿ ಕಲಿತವರು ದೊಡ್ಡ ಕಚೇರಿಯಲ್ಲಿ ಸ್ಟೈಪೆಂಡ್ ಪಡೆದು ಝೆರಾಕ್ಸ್ ಮಾಡಿದವರಿಗಿಂತ ಹೆಚ್ಚು ಕಲಿತಿರುತ್ತಾರೆ. ಹಾಗಾಗಿ ಹಣ ಸಂಸ್ಥೆಯ ಜೇಬಿನಿಂದ ಬರಬೇಕೆಂಬ ಹಟ ಬಿಟ್ಟು, ವಿದ್ಯಾರ್ಥಿಯ ಹೆಸರಿಗೆ ವಿಶ್ವವಿದ್ಯಾಲಯವೋ ಮಿಷನ್ನೋ ನೇರವಾಗಿ ಕೊಡುವುದು ಮೇಲು. ಹಸ್ತಪ್ರತಿ ಮಿಷನ್ನಿನ 60 ಕೋಟಿಯಲ್ಲಿ ಸ್ಕ್ಯಾನರ್ ಕೊಳ್ಳಲು ದುಡ್ಡಿರುವಾಗ ಅದರ ಮುಂದೆ ಕೂರುವವರಿಗೆ ಬಸ್ ಚಾರ್ಜು, ಊಟ, ಬಾಡಿಗೆ ಕೊಡಲು ಆಗದೆಂದರೆ ಅದು ದುಡ್ಡಿನ ಕೊರತೆಯಲ್ಲ.

ಸ್ಟೈಪೆಂಡಿಗಿಂತ ಕಹಿಯಾದ ಪ್ರಶ್ನೆ ಹುದ್ದೆಗಳದು. ಒಬ್ಬ ಪಂಡಿತರು ನಿವೃತ್ತರಾದರೆ ಆ ಜಾಗಕ್ಕೆ ಗುತ್ತಿಗೆಯವರು, ಗುತ್ತಿಗೆ ಮುಗಿದರೆ ದಿನಗೂಲಿ, ಅದೂ ಕಷ್ಟವಾದರೆ ಇಂಟರ್ನ್. ಈ ಏಣಿಯಲ್ಲಿ ಇಳಿದದ್ದು ಎಷ್ಟೋ ಸಂಸ್ಥೆಗಳಿಗೆ ಗೊತ್ತೇ ಆಗಿಲ್ಲ. ಪ್ರತಿ ಬೇಸಿಗೆ ಹತ್ತು ಜನ ಬಿಟ್ಟಿ ಬರುತ್ತಾರೆಂದರೆ ಖಾಲಿ ಹುದ್ದೆ ತುಂಬಿ ಎಂದು ಆರ್ಥಿಕ ಇಲಾಖೆಗೆ ಕಡತ ಬರೆಯುವ ತುರ್ತು ಯಾರಿಗಿರುತ್ತದೆ? ಇಂಟರ್ನ್‌ಶಿಪ್ಪನ್ನು ವಿರೋಧಿಸುವವರ ಈ ಮಾತಿಗೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ಸಂರಕ್ಷಣೆಯಲ್ಲಿ ಮನಸ್ಸಿಟ್ಟು ಕಲಿತವರು ಮುಂದೆ ಅತಿಥಿ ಉಪನ್ಯಾಸಕರಾಗಿಯೋ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಸೆಂಟರಿನಲ್ಲೋ ಸಿಗುತ್ತಾರೆ. ಕಲಿಸಿ ಬೀದಿಗೆ ಬಿಟ್ಟಂತಾಯಿತು ಎನ್ನುವ ಗೈಡುಗಳ ಸಂಕಟ ಸುಳ್ಳಲ್ಲ. ಕಲಿಸದೇ ಇದ್ದರೆ ಹುದ್ದೆ ಬಂದ ದಿನ ಅದಕ್ಕೆ ತಕ್ಕವರೇ ಇರುವುದಿಲ್ಲ ಎಂಬುದೂ ಸುಳ್ಳಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಿಕ್ಷಣ ಸಂಸ್ಥೆ ಎರಡು ವರ್ಷದ ಡಿಪ್ಲೊಮಾವನ್ನು ಸ್ಟೈಪೆಂಡ್ ಕೊಟ್ಟೇ ನಡೆಸುತ್ತ ಬಂದಿದೆ, ಆದರೆ ಅದರ ಸೀಟುಗಳು ಇಡೀ ದೇಶಕ್ಕೆ ಬೆರಳೆಣಿಕೆಯಷ್ಟು.

ಕೆಲಸ ಮಾಡಿದವರ ಹೆಸರಿನ ವಿಷಯವೊಂದಿದೆ, ಇದನ್ನು ಚರ್ಚಿಸುವವರು ಕಡಿಮೆ. ಹಸ್ತಪ್ರತಿ, ಶಾಸನಗಳ ನಕಲು ಕಲೆಹಾಕಿಸಿದ ಕಂಪನಿಯ ಅಧಿಕಾರಿ ಕರ್ನಲ್ ಕಾಲಿನ್ ಮೆಕೆಂಜಿಯ ಚಿತ್ರವನ್ನು ಥಾಮಸ್ ಹಿಕಿ 1816ರಲ್ಲಿ ಬರೆದ, ಅದನ್ನು ನೋಡಿ. ಕೆಂಪು ಕೋಟಿನ ಮೆಕೆಂಜಿ ನಡುವೆ ನಿಂತಿದ್ದಾನೆ. ಸುತ್ತ ಮೂವರು ಭಾರತೀಯರು. ಒಬ್ಬರ ಕೈಯಲ್ಲಿ ಓಲೆಗರಿ. ಅವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಎಂದು ಗುರುತಿಸಿದ್ದಾರೆ. ಹಿಂದೆ ದೂರದ ಗುಡ್ಡದ ಮೇಲೆ ಬಾಹುಬಲಿ. ಮೈಸೂರು ಸೀಮೆಯಲ್ಲಿ ಮೆಕೆಂಜಿ ಸಂಗ್ರಹ ಎಂದು ಇವತ್ತು ಹೆಸರಾದದ್ದರಲ್ಲಿ ಊರೂರು ತಿರುಗಿ, ಊರಿನ ಕಥೆ ಹೇಳುವ ಕೈಫಿಯತ್ತು ಬರೆಸಿ, ಶಾಸನದ ನಕಲು ತೆಗೆದವರು ಧರ್ಮಯ್ಯ, ಕಾವಲಿ ಬೋರಯ್ಯ, ಲಕ್ಷ್ಮಯ್ಯ ಮೊದಲಾದವರು. ಬೋರಯ್ಯನವರಂತೂ 1803ರಲ್ಲೇ ತೀರಿಕೊಂಡರು. ಚಿತ್ರದಲ್ಲಾದರೂ ಕೆಲವರಿಗೆ ಜಾಗ ಸಿಕ್ಕಿತು, ಸಂಗ್ರಹದ ಹೆಸರಿನಲ್ಲಿ ಯಾರಿಗೂ ಸಿಗಲಿಲ್ಲ. ಇನ್ನೂರು ವರ್ಷದ ಮೇಲೆ ನಮ್ಮ ಸೂಚಿಗಳನ್ನು ತೆರೆದು ನೋಡಿ. ಸಂಪಾದಕರು, ಪ್ರಧಾನ ಸಂಪಾದಕರು, ಕುಲಪತಿಗಳ ಮುನ್ನುಡಿ ಎಲ್ಲ ಇದೆ. ಗರಿ ಎಣಿಸಿದವರು, ಆದಿ ಅಂತ್ಯ ಓದಿ ಬರೆದವರು ಯಾರು? ‘ವಿದ್ಯಾರ್ಥಿಗಳ ನೆರವಿಗೆ ಕೃತಜ್ಞತೆಗಳು’ ಎಂಬ ಒಂದು ಸಾಲಿದ್ದರೆ ಅದೇ ಹೆಚ್ಚು.

ಸಂಸ್ಥೆಗಳು ಇದಕ್ಕೆ ಹೇಳುವ ಕಾರಣವನ್ನೂ ಕೇಳಬೇಕು. ಇಂಟರ್ನ್ ಬರೆದ ನಮೂದುಗಳನ್ನು ಮತ್ತೆ ತಾಳೆ ನೋಡಿ ತಿದ್ದಿದವರು ತಾವು, ತಪ್ಪಿದ್ದರೆ ಬೈಗುಳ ಬರುವುದು ತಮಗೆ, ಹಾಗಿರುವಾಗ ಹೆಸರು ಹಂಚುವುದು ಹೇಗೆ ಎಂಬುದು ಅವರ ಪ್ರಶ್ನೆ. ಆದರೆ ನಮೂದಿನ ಕೆಳಗೆ ಓದಿದವರು, ತಾಳೆ ನೋಡಿದವರು ಎಂದು ಎರಡು ಹೆಸರು ಬರೆಯಲು ರಿಜಿಸ್ಟರಿನಲ್ಲಿ ಬೇಕಾದದ್ದು ಎರಡು ಕಾಲಂ. ಹಾಗೆ ಬರೆದರೆ ತಪ್ಪು ಯಾರದೆಂದೂ ಗೊತ್ತಾಗುತ್ತದೆ, ಹಾಗಾಗಿ ಈ ಏರ್ಪಾಡು ವಿದ್ಯಾರ್ಥಿಗಳಿಗೂ ಪೂರ್ತಿ ಹಿತವಲ್ಲ. ಇರಲಿ, ಹೊಣೆಯೂ ಹೆಸರೂ ಒಟ್ಟಿಗೇ ಬರಬೇಕಾದವು.

ಒಟ್ಟಿನಲ್ಲಿ ನನ್ನ ತಕ್ಕಡಿ ಇಂಟರ್ನ್‌ಶಿಪ್ಪಿನ ಕಡೆಗೇ ತುಸು ವಾಲುತ್ತದೆ, ಆದರೆ ಈಗ ನಡೆಯುತ್ತಿರುವ ರೂಪದಲ್ಲಿ ಅಲ್ಲ. ಹತ್ತು ಜನರ ಬದಲು ಇಬ್ಬರು ಬರಲಿ. ಆರು ವಾರದ ಬದಲು ಒಂದು ಸೆಮಿಸ್ಟರ್ ಇರಲಿ. ಬಿ.ಆರ್ಕ್. ಓದುವವರಿಗೆ ಒಂದು ಸೆಮಿಸ್ಟರಿನ ವೃತ್ತಿ ತರಬೇತಿ ಪಠ್ಯದಲ್ಲೇ ಕಡ್ಡಾಯವಾಗಿದೆ, ಇತಿಹಾಸದ ಎಂ.ಎ.ಗೆ ಅದು ಅಸಾಧ್ಯವೇನಲ್ಲ. ಮೊದಲ ಎರಡು ತಿಂಗಳು ಕೈಗೆ ಟೇಪು, ಪೆನ್ಸಿಲ್, ಕ್ಯಾಮೆರಾ ಮಾತ್ರ. ಹತ್ತಿ, ಎಣ್ಣೆ ಆಮೇಲೆ, ಅದೂ ಪಕ್ಕದಲ್ಲಿ ಬಲ್ಲವರಿದ್ದಾಗ. ಬಲ್ಲವರು ಇಲ್ಲದ ಸಂಸ್ಥೆಗೆ ವಿದ್ಯಾರ್ಥಿಗಳನ್ನು ಕಳಿಸದೇ ಇರುವುದು ಒಳ್ಳೆಯದು, ಆ ಸಂಸ್ಥೆಯ ಹೆಸರು ಎಷ್ಟೇ ದೊಡ್ಡದಿರಲಿ. ಇದನ್ನು ಒಪ್ಪದವರಿದ್ದಾರೆ. ಇಬ್ಬರಿಗೆ ಅವಕಾಶ ಕೊಟ್ಟು ಎಂಟು ಜನರನ್ನು ಹೊರಗಿಟ್ಟರೆ ಆ ಎಂಟು ಜನ ಓಲೆಗರಿಯನ್ನು ಪುಸ್ತಕದ ಮುಖಪುಟದಲ್ಲಷ್ಟೇ ನೋಡುತ್ತಾರೆ ಎಂಬುದು ಅವರ ಆಕ್ಷೇಪ. ಅದಕ್ಕೆ ಒಂದು ವಾರದ ಶಿಬಿರ ಸಾಕು, ಅದನ್ನು ಇಂಟರ್ನ್‌ಶಿಪ್ ಎಂದು ಕರೆದು ಕ್ರೆಡಿಟ್ ಕೊಡುವ ಅಗತ್ಯವಿಲ್ಲ.

ಈ ಎಲ್ಲಕ್ಕಿಂತ ಮೊದಲು ಸರಿಮಾಡಬಹುದಾದ ಒಂದು ಸಣ್ಣ ಸಂಗತಿಯಿದೆ. ಫ್ರಿಟ್ಜ್ ಮತ್ತು ಮಿಶೆಲ್ ಹಂಪಿಗೆ ಚಳಿಗಾಲದಲ್ಲಿ ಬರುತ್ತಿದ್ದುದು ಸುಮ್ಮನೆ ಅಲ್ಲ. ಏಪ್ರಿಲ್‌, ಮೇ ಬಿಸಿಲಿನಲ್ಲಿ ಬಳ್ಳಾರಿ ಸೀಮೆಯ ಬಂಡೆ ಮುಟ್ಟಿದರೆ ಸುಡುತ್ತದೆ. ಹಾಸಿದ ಒದ್ದೆ ಕಾಗದ ಅಕ್ಷರಕ್ಕೆ ಕೂರುವ ಮೊದಲೇ ಒಣಗಿ ಏಳುತ್ತದೆ. ಬೆಳಗ್ಗೆ ಹನ್ನೊಂದರ ಮೇಲೆ ಬಯಲಲ್ಲಿ ಯಾರೂ ಟೇಪು ಹಿಡಿಯಲಾರರು. ನಮ್ಮ ವಿದ್ಯಾರ್ಥಿಗಳಿಗೆ ರಜೆ ಸಿಗುವುದು ಆಗಲೇ. ಡಿಸೆಂಬರ್, ಜನವರಿಯಲ್ಲಿ ಕಲ್ಲು ತಣ್ಣಗಿರುವಾಗ ಅವರು ಪರೀಕ್ಷೆ ಬರೆಯುತ್ತಿರುತ್ತಾರೆ, ಇಲ್ಲವೇ ಫಲಿತಾಂಶಕ್ಕೆ ಕಾಯುತ್ತಿರುತ್ತಾರೆ. ರಜೆಯ ಎರಡು ವಾರಗಳನ್ನು ಬೇಸಿಗೆಯಿಂದ ಚಳಿಗಾಲಕ್ಕೆ ಸರಿಸಲು ಬಜೆಟ್ ಬೇಡ, ಹೊಸ ಹುದ್ದೆ ಬೇಡ. ಅಕಾಡೆಮಿಕ್ ಕೌನ್ಸಿಲ್‌ನ ಒಂದು ಸಭೆ ಸಾಕು.